ಮರಿಮಗಳ ಬಣ್ಣ

ಬಣ್ಣದಮ್ಮನ ಕೈ ನೋಡಿದವರು ಯಾರೂ ಅವಳ ಕೆಲಸವೇನೆಂದು ಕೇಳುವುದಿಲ್ಲ. ಮೊಣಕೈವರೆಗೂ ನೀಲಿ. ಉಗುರಿನ ಸಂದಿಯಲ್ಲಂತೂ ಯಾವ ಸಾಬೂನಿಗೂ ಬಗ್ಗದ ಕಡುನೀಲಿ. ಮದುವೆಯಾಗಿ ಬಂದ ಹೊಸತರಲ್ಲಿ ನಾಲ್ಕು ಜನ ಕಂಡರೆ ಸಾಕು, ಆ ಕೈಗಳನ್ನು ಬೆನ್ನ ಹಿಂದೆ ಬಚ್ಚಿಡುತ್ತಿದ್ದಳಂತೆ. ಈಗ? ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಮೇಲಿನ ಕಂಬಿ ಹಿಡಿದು ನಿಂತಿರುತ್ತಾಳೆ, ಎಲ್ಲರಿಗೂ ಚೆನ್ನಾಗಿ ಕಾಣಲಿ ಅಂತ. ಜಂಬ ಅನ್ನಿ, ಬಿಂಕ ಅನ್ನಿ, ಏನಾದರೂ ಅನ್ನಿ. ಆ ಜಂಬಕ್ಕೆ ಅವಳು ಪಟ್ಟ ಪಾಡು ಗೊತ್ತಾದರೆ ನೀವೂ ಎದ್ದು ಜಾಗ ಬಿಡುತ್ತೀರಿ.

ಮನೆಯ ಹಿಂದೆ ಉದ್ದನೆಯದೊಂದು ಕೋಣೆ, ಅದೇ ಬಣ್ಣದ ಮನೆ. ಒಳಗೆ ಒಲೆಯ ಮೇಲೆ ಒಬ್ಬ ಆಳು ಕೂರುವಷ್ಟು ದೊಡ್ಡ ತಾಮ್ರದ ಹಂಡೆ, ಹೊರಗಿನ ಅಂಗಳದಲ್ಲಿ ಬಟ್ಟೆ ಒಣಹಾಕುವ ತಂತಿಗಳು. ಕಸುಬು ಮಾವನದು, ಅವರ ಅಪ್ಪನದು. ಮಾವನಿಗೆ ಒಬ್ಬನೇ ಮಗ, ಅವನು ಬಸ್ಸಿನ ಡ್ರೈವರು. ಅವನನ್ನು ಬಣ್ಣದ ವಿಚಾರ ಕೇಳಿದರೆ, "ನಂಗೆ ಸಿಗ್ನಲ್ಲಿನ ಕೆಂಪು ಹಸಿರು ಗೊತ್ತಾದ್ರೆ ಸಾಕಪ್ಪಾ" ಅನ್ನುತ್ತಿದ್ದ. ಹಾಗಾಗಿ ಕಸುಬು ಮಗನನ್ನು ದಾಟಿ ಸೊಸೆಗೆ ಬಂತು. ಅವಳು ಬಟ್ಟೆ ಜಾಲಿಸುವುದರಿಂದ ಶುರುಮಾಡಿ, ಹಿಂಡುವುದು, ಒಣಗಿಸುವುದು, ಒಲೆಯ ಕಾವು ನೋಡುವುದು, ಹೀಗೆ ಒಂದೊಂದಾಗಿ ಕಲಿತಳು. ಬೈಸಿಕೊಂಡೇ ಕಲಿತಳು. ಮಾವನ ಬಾಯಿ ಅಂಥದ್ದು.

ಆದರೆ ಹಂಡೆ ಕಲಕುವ ಕೋಲನ್ನು ಮಾತ್ರ ಮಾವ ಬಿಟ್ಟುಕೊಡಲಿಲ್ಲ. ಅವರ ಅಪ್ಪನ ಕಾಲದ ಗಟ್ಟಿ ಮರದ ಕೋಲು, ತುದಿ ನೀಲಿಯಾಗಿ ನೀಲಿಯಾಗಿ ಕಪ್ಪಾಗಿತ್ತು. ಅದು ಯಾರ ಕೈಯಲ್ಲಿದೆಯೋ ಬಣ್ಣದ ಮನೆ ಅವರದು. ಕಣ್ಣು ಮಂಜಾಗಿ, ಬೆಳಕು ಕತ್ತಲೆ ಬಿಟ್ಟು ಬೇರೇನೂ ಸರಿಯಾಗಿ ಕಾಣದಂತಾದಾಗ ಮಾವ ಕೆಲಸ ಬಿಟ್ಟರು, ಕೋಲು ಬಿಡಲಿಲ್ಲ. ಅದನ್ನೇ ಊರುಗೋಲು ಮಾಡಿಕೊಂಡು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರು. ಸೊಸೆ ಒಳಗೆ ಪೊರಕೆಯ ಹಿಡಿಯಲ್ಲಿ ಹಂಡೆ ಕಲಕುತ್ತಿದ್ದಳು. ನಗಬೇಡಿ. ಐದು ವರ್ಷ ಪೊರಕೆ ಹಿಡಿಯಲ್ಲೇ ಕಲಕಿದಳು.

ಅವಳೂ ಕಡಿಮೆಯವಳಲ್ಲ. ಮಾವ ಕೆಲಸ ಬಿಟ್ಟ ಮೇಲೆ ಮೊದಲು ಮಾಡಿದ್ದು ಒಂದು ತಕ್ಕಡಿ ತಂದದ್ದು. ಮಾವನ ಕಾಲದಲ್ಲಿ ಅಳತೆ ಅನ್ನುವುದೇ ಇರಲಿಲ್ಲ. ಅವರದೊಂದು ಪದ್ಧತಿಯಿತ್ತು, ಅದಕ್ಕೆ ಹಳೆ ನೀರು ಎಂದು ಹೆಸರು. ಒಂದು ಸಲ ಹಂಡೆಗೆ ಬಣ್ಣ ಹಾಕಿದರೆ, ಒಂದು ಬಟ್ಟೆ ಅದ್ದಿ ತೆಗೆದ ಮೇಲೆ ಆ ನೀರನ್ನು ಚೆಲ್ಲದೆ ಅದರಲ್ಲೇ ಎರಡನೆಯದನ್ನು, ಆಮೇಲೆ ಮೂರನೆಯದನ್ನು ಅದ್ದುವುದು. ಮೊದಲು ಬಂದ ಕಡುಬಣ್ಣಕ್ಕೆ ತಾಯಿ ಬಣ್ಣ ಅನ್ನುತ್ತಿದ್ದರು. ಆಮೇಲಿನದು ಮಗಳ ಬಣ್ಣ, ಅದರಾಚೆ ಮೊಮ್ಮಗಳ ಬಣ್ಣ, ಕೊನೆಗೆ ತೆಳ್ಳಗಿನ ಮರಿಮಗಳ ಬಣ್ಣ. ಬಣ್ಣದಮ್ಮನಿಗೆ ಇದು ಶುದ್ಧ ಜಿಪುಣತನವಾಗಿ ಕಂಡಿತ್ತು. "ನನ್ನ ಕೈಯಲ್ಲಿ ಎಂಜಲು ನೀರಿನ ಕೆಲ್ಸ ಇಲ್ಲ ಮಾವ. ಪ್ರತಿ ಬಟ್ಟೆಗೂ ಹೊಸ ನೀರು, ತೂಕ ಹಾಕಿದ ಬಣ್ಣ" ಎಂದು ಹೇಳಿಯೇಬಿಟ್ಟಳು. ಮಾವ ಕೋಲನ್ನು ನೆಲಕ್ಕೊಮ್ಮೆ ಕುಟ್ಟಿದರು. ತಕ್ಕಡಿಯ ಕೆಲಸ ಚೆನ್ನಾಗಿಯೇ ನಡೆಯಿತು. ಒಂದೇ ಬಣ್ಣದ ಬಟ್ಟೆ ಎಷ್ಟು ಬೇಕೆಂದರೂ ಕೂದಲೆಳೆಯ ವ್ಯತ್ಯಾಸವಿಲ್ಲದೆ ಬರುತ್ತಿತ್ತು.

ಆಗ ಬಂತು ನೋಡಿ, ಹೊಸ ರಂಗಮಂದಿರದ ಪರದೆ.

ರಂಗಮಂದಿರದ ಮ್ಯಾನೇಜರಮ್ಮ ಖುದ್ದಾಗಿ ಬಂದು ಕೂತು ವಿವರಿಸಿದಳು. ವೇದಿಕೆಯ ಹಿಂಭಾಗಕ್ಕೆ ಅಕ್ಕಪಕ್ಕ ಎಂಟು ಪಟ್ಟಿ ಬಟ್ಟೆ. ಎಡತುದಿಯಲ್ಲಿ ನಡುರಾತ್ರಿಯ ನೀಲಿ, ಬಲತುದಿಯಲ್ಲಿ ಬೆಳಗಿನ ಬಿಳುಪು. "ನಡುವೆ ಒಂದೊಂದೇ ಮೆಟ್ಟಿಲು ಇಳಿದ ಹಾಗೆ ಬಣ್ಣ ಇಳೀಬೇಕು. ಎಲ್ಲೂ ಎಡವಬಾರದು" ಅಂದಳು.

ಬಣ್ಣದ ಮನೆಗೆ ಅಷ್ಟು ದೊಡ್ಡ ಕೆಲಸ ಹಿಂದೆಂದೂ ಬಂದಿರಲಿಲ್ಲ. ಮ್ಯಾನೇಜರಮ್ಮ ಹೋದ ಮೇಲೆ ಮಾವ ಕುರ್ಚಿಯಿಂದಲೇ ಹೇಳಿದರು: "ನೋಡಮ್ಮಾ, ಊರಿನ ಕಣ್ಣೆಲ್ಲಾ ಇದರ ಮೇಲೆ ಬೀಳುತ್ತೆ. ಇದು ಗೆದ್ರೆ ಸರಿ. ಕೆಟ್ರೆ ಬಾಗಿಲು ಹಾಕಿಬಿಡೋಣ. ಕೋಲು ನನ್ನ ಜೊತೆಗೇ ಹೋಗ್ಲಿ. ನಮ್ಮಪ್ಪನ ಹೆಸರು ಕೆಡೋದು ಬೇಡ."

"ಕೆಡೋದ್ಯಾಕೆ ಮಾವ? ತಕ್ಕಡಿ ಇದೆಯಲ್ಲ" ಅಂದಳು. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವುದು ಸುಮ್ಮನೆಯೇ?

ಲೆಕ್ಕ ಅವಳಿಗೆ ನೀರು ಕುಡಿದಷ್ಟು ಸುಲಭವಾಗಿ ಕಂಡಿತು. ಎಂಟು ಪಟ್ಟಿ ತಾನೇ? ಮೊದಲನೆಯದಕ್ಕೆ ಎಂಟು ಅಳತೆ ಬಣ್ಣ, ಎರಡನೆಯದಕ್ಕೆ ಏಳು, ಆಮೇಲೆ ಆರು, ಐದು, ಹೀಗೆ ಕೊನೆಯದಕ್ಕೆ ಒಂದು. ಪ್ರತಿ ಸಲವೂ ಒಂದೇ ಅಳತೆ ಕಡಿಮೆ, ಮೆಟ್ಟಿಲೆಲ್ಲ ಸಮ. ಇದಕ್ಕಿಂತ ನ್ಯಾಯ ಇನ್ನೇನಿದೆ? ಎಂಟೂ ಪಟ್ಟಿಗಳಿಗೆ ಬಣ್ಣ ಹಾಕಿ, ಒಣಗಿಸಿ, ಮಡಿಸಿ, ಗಂಡನ ಜೊತೆ ರಂಗಮಂದಿರಕ್ಕೆ ಹೊತ್ತುಕೊಂಡು ಹೋದಳು. ಮಾವನೂ ಕೋಲೂರಿಕೊಂಡು ಬಂದರು.

ತೂಗುಹಾಕಿ ದೀಪ ಹಾಕಿದರು. ಬಣ್ಣದಮ್ಮ ಕುರ್ಚಿಗಳ ಸಾಲಿನಿಂದ ತಲೆಯೆತ್ತಿ ನೋಡಿದಳು.

ಎಡಗಡೆಯ ನಾಲ್ಕು ಪಟ್ಟಿಗಳು ಒಂದೇ ತರ ಕಾಣುತ್ತಿದ್ದವು. ಎಲ್ಲಿ ಒಂದು ಮುಗಿಯಿತು, ಎಲ್ಲಿ ಇನ್ನೊಂದು ಶುರುವಾಯಿತು ದೇವರಿಗೇ ಗೊತ್ತು. ಬಲಗಡೆ ಬಂದರೆ ಕೊನೆಯ ಮೂರು ಪಟ್ಟಿಗಳಲ್ಲಿ ಬಣ್ಣ ಧಡಧಡ ಉರುಳಿ ಬಿದ್ದಿತ್ತು. ಮ್ಯಾನೇಜರಮ್ಮ ಒರಟಳಲ್ಲ, ಆದರೂ ಇದ್ದದ್ದು ಹೇಳಿದಳು: "ಅಷ್ಟು ದೂರ ಜಗಲಿ ಮೇಲೆ ನಡೆದು, ಕೊನೇಲಿ ಮೆಟ್ಟಿಲಿಂದ ಬಿದ್ದ ಹಾಗಿದೆಯಲ್ರೀ." ಮಾವ ಮಂಜುಗಣ್ಣನ್ನು ಕಿರಿದು ಮಾಡಿ ಆಚೆ ಈಚೆ ತಿರುಗಿಸಿದರು. "ನನಗೆ ಒಂದು ಗೋಡೆ ಕಾಣುತ್ತೆ, ಪಕ್ಕದಲ್ಲಿ ಒಂದು ತೂತು ಕಾಣುತ್ತೆ" ಅಂದರು.

ಇನ್ನೊಂದು ವಾರ ಸಮಯ ಕೊಟ್ಟರು. ಅದಾಗದಿದ್ದರೆ ಬೇರೆ ಕಡೆ ಮಾಡಿಸುತ್ತೇವೆ ಎಂದರು. ದಾರಿಯುದ್ದಕ್ಕೂ ಮಾವ ಕೋಲನ್ನು ನೆಲಕ್ಕೆ ಕುಟ್ಟುತ್ತಲೇ ನಡೆದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮನೆಗೆ ಬಂದವಳು ತಕ್ಕಡಿಯನ್ನು ಹತ್ತು ಸಲ ಪರೀಕ್ಷೆ ಮಾಡಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ ಬಟ್ಟೆಯನ್ನು ಬೈದಳು, ನೀರನ್ನು ಬೈದಳು, ರಂಗಮಂದಿರದ ದೀಪವನ್ನೂ ಬೈದಳು. ತಕ್ಕಡಿ ಸರಿಯಿತ್ತು. ಎಲ್ಲ ಸರಿಯಿತ್ತು. ಕೊನೆಗೆ ಮನೆಯೊಳಗಿನ ಮಂಚದಲ್ಲಿ ತಲೆಯ ಮೇಲೆ ಕೈಹೊತ್ತು ಕೂತಳು.

ಮಧ್ಯಾಹ್ನ ಮಗಳು ಬಂದಳು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು, ತಾಯಿ ಅವಳನ್ನು ರೇಗಿಸಲಿಕ್ಕೆ ಟೀಚರಮ್ಮ ಅನ್ನುತ್ತಿದ್ದಳು. ಆವತ್ತು ಟೀಚರಮ್ಮನ ಮುಖವೂ ಇಂಗು ತಿಂದ ಹಾಗಿತ್ತು. ಚೀಲವನ್ನು ಮಂಚಕ್ಕೆ ಎಸೆದು, "ಅಮ್ಮ, ಒಂದು ಗೆರೆ ಅರ್ಥ ಮಾಡಿಸೋಕೆ ಆಗ್ಲಿಲ್ಲ ಇವತ್ತು. ಕಾಗದ ಮಡಿಸಿ ತೋರಿಸಿದೆ, ಕಥೆ ಹೇಳಿದೆ. ಎಲ್ಲಾ ಆದ್ಮೇಲೆ ಮಕ್ಕಳು 'ಅದಕ್ಕೇನೀಗ' ಅಂತಾರೆ" ಅಂದಳು.

"ನಿನ್ನ ಗೆರೆ ಹಾಳಾಗ್ಲಿ. ನನ್ನ ಪರದೆ ಹೋಯ್ತಲ್ಲೇ!" ಎಂದು ತಾಯಿ ಎಲ್ಲ ಹೇಳಿಕೊಂಡಳು. ಎಂಟು, ಏಳು, ಆರು ಎಂದು ಬೆರಳು ಮಡಿಸಿ ತೋರಿಸಿದಳು.

ಮಗಳು ಒಂದು ಹಾಳೆ ತೆಗೆದು ಆ ಲೆಕ್ಕವನ್ನು ಗೆರೆ ಎಳೆದು ತೋರಿಸಿದಳು. ಜಾರುಬಂಡೆಯಂತೆ ನೆಟ್ಟಗೆ ಇಳಿಯುವ ಗೆರೆ. "ಇದು ನಿನ್ನದು. ಪ್ರತಿ ಸಲ ಅಷ್ಟೇ ಕಳೀತಾ ಹೋಗೋದು." ಪಕ್ಕದಲ್ಲೇ ಇನ್ನೊಂದು ಎಳೆದಳು. ಶುರುವಿನಲ್ಲೇ ಕಡಿದಾಗಿ ಬಿದ್ದು, ಆಮೇಲೆ ಬಾಗಿ ಬಾಗಿ ನೆಲಕ್ಕೆ ಹತ್ತಿರವಾಗುತ್ತ, ಆದರೆ ನೆಲ ಮುಟ್ಟದೆ ಉದ್ದಕ್ಕೆ ಹೋಗುವ ಗೆರೆ. "ಇದು ನನ್ನದು, ಇವತ್ತು ಮಕ್ಕಳಿಗೆ ಅರ್ಥ ಆಗದ್ದು. ಇಲ್ಲಿ ಕಳೆಯೋದಲ್ಲ, ಇರೋದ್ರಲ್ಲಿ ಪಾಲು ಹೋಗೋದು. ಎಂಟರಲ್ಲಿ ಅರ್ಧ ನಾಲ್ಕು, ನಾಲ್ಕರಲ್ಲಿ ಅರ್ಧ ಎರಡು, ಆಮೇಲೆ ಒಂದು, ಅರ್ಧ, ಕಾಲು."

"ಅಯ್ಯೋ ನಿನ್ನ! ಇದು ಮೊದಲ ಹೆಜ್ಜೆಗೇ ಮೆಟ್ಟಿಲಿಂದ ಬಿದ್ದಿದೆಯಲ್ಲೇ. ಬೀಳಬಾರದು ಅಂತ ತಾನೇ ನಾನು ಒದ್ದಾಡ್ತಿರೋದು?"

ಮಗಳು ಹಾಳೆಯನ್ನು ಆಚೆ ಈಚೆ ತಿರುಗಿಸಿ ನೋಡಿದಳು. ಕಾಗದದ ಮೇಲೆ ತಾಯಿಯ ಗೆರೆಯೇ ಅಂದವಾಗಿತ್ತು. ಆಗ ಗಾಳಿಗೆ ಕಿಟಕಿಯ ಪರದೆ ಹಾರಿ ಬಣ್ಣದಮ್ಮನ ಮುಖಕ್ಕೆ ಬಡಿಯಿತು.

ಆ ಪರದೆ ಅವಳ ಅತ್ತೆ ಹೊಲಿದದ್ದು. ಅತ್ತೆ ಹೋಗಿ ಎಷ್ಟೋ ವರ್ಷವಾಗಿತ್ತು. ಮಾವನ ಹಳೆ ನೀರಿನಲ್ಲಿ ಅದ್ದಿದ ನಾಲ್ಕು ತುಂಡುಗಳನ್ನು ಅಕ್ಕಪಕ್ಕ ಜೋಡಿಸಿದ್ದರು. ತಾಯಿ, ಮಗಳು, ಮೊಮ್ಮಗಳು, ಮರಿಮಗಳು. ಬಣ್ಣದಮ್ಮ ಅದನ್ನು ಮದುವೆಯಾದ ದಿನದಿಂದ ದಿನಾ ಸರಿಸುತ್ತಿದ್ದಳು, ಒಮ್ಮೆಯೂ ನೋಡಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಅನ್ನುವುದು ಇದಕ್ಕೇ. ಈಗ ಅಂಚು ಹಿಡಿದು ಎಳೆದು ನೋಡಿದರೆ ಒಂದರಿಂದ ಇನ್ನೊಂದಕ್ಕೆ ಬಣ್ಣ ಎಷ್ಟು ನೆಮ್ಮದಿಯಾಗಿ ಇಳಿದಿತ್ತೆಂದರೆ, ನಾಲ್ಕೂ ಮೆಟ್ಟಿಲು ಸಮ.

"ಟೀಚರಮ್ಮಾ! ಹಳೆ ನೀರಲ್ಲಿ ಬಟ್ಟೆ ಅದ್ದಿದ್ರೆ ಬಟ್ಟೆ ಎಷ್ಟು ಬಣ್ಣ ಕುಡಿಯುತ್ತೆ?"

"ನನಗೇನು ಗೊತ್ತು, ನೀನು ಹೇಳ್ಬೇಕು."

"ಇರೋದ್ರಲ್ಲಿ ಒಂದು ಪಾಲು ಕುಡಿಯುತ್ತೆ ಕಣೇ! ನೀರು ಗಟ್ಟಿಯಿದ್ರೆ ಜಾಸ್ತಿ, ತೆಳ್ಳಗಿದ್ರೆ ಕಡಿಮೆ. ಪಾಲು ಮಾತ್ರ ಅದೇ!"

ಮಗಳು ಎದ್ದೇ ನಿಂತಳು. "ಹಾಗಾದ್ರೆ ಈ ಪರದೆ ನನ್ನ ಗೆರೆ. ಆದ್ರೆ ಅಮ್ಮ, ಗೆರೆ ಬೀಳುತ್ತೆ, ಪರದೆ ಬೀಳ್ತಿಲ್ವಲ್ಲ. ಯಾಕೆ?"

ಅದಕ್ಕೆ ಉತ್ತರ ಬಣ್ಣ ನೋಡುತ್ತಲೇ ವಯಸ್ಸಾದ ತಾಯಿಯ ಕಣ್ಣಲ್ಲಿತ್ತು. "ಕತ್ತಲೆ ಕೋಣೇಲಿ ಒಂದು ದೀಪ ಇದೆ ಅನ್ಕೋ. ಇನ್ನೊಂದು ಹಚ್ಚಿದ್ರೆ ಗೊತ್ತಾಗುತ್ತೆ ತಾನೇ? ನೂರು ದೀಪ ಇರೋ ಕಡೆ ಇನ್ನೊಂದು ಹಚ್ಚಿದ್ರೆ ಯಾರು ಕೇಳ್ತಾರೆ? ಕಣ್ಣು ಕಳೆಯೋದಿಲ್ಲ ಕಣೇ, ಪಕ್ಕದ್ದಕ್ಕೆ ಹೋಲಿಸುತ್ತೆ. ಎಂಟರಿಂದ ಏಳಕ್ಕೆ ಬಂದ್ರೆ ಅದಕ್ಕೆ ಏನೂ ಆಗಿಲ್ಲ. ಎರಡರಿಂದ ಒಂದಕ್ಕೆ ಬಂದ್ರೆ ಅರ್ಧ ಆಸ್ತಿನೇ ಹೋಯ್ತು! ಅದಕ್ಕೇ ನಾನು ಬಿದ್ದಿದ್ದು."

ತಾಯಿ ಮಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಕಾಗದದ ಮೇಲೆ ನೆಟ್ಟಗಿದ್ದದ್ದು ಬಟ್ಟೆಯ ಮೇಲೆ ಉರುಳುತ್ತದೆ, ಕಾಗದದ ಮೇಲೆ ಉರುಳಿದ್ದು ಬಟ್ಟೆಯ ಮೇಲೆ ನೆಟ್ಟಗೆ ನಡೆಯುತ್ತದೆ. ಒಬ್ಬಳ ಹತ್ತಿರ ಗೆರೆಯಿತ್ತು, ಇನ್ನೊಬ್ಬಳ ಹತ್ತಿರ ಕಣ್ಣಿತ್ತು. ಎರಡೂ ಒಂದೇ ಮಂಚದ ಮೇಲೆ ಕೂತ ಮೇಲೆಯೇ ವಿಷಯ ಬಗೆಹರಿದದ್ದು.

ಅರ್ಧ ಅರ್ಧ ತೂಗೋಣವೆಂದರೆ, ಕೊನೆಯ ಪಟ್ಟಿಗಳಿಗೆ ಬೇಕಾದ ಚಿಟಿಕೆಗೆ ತಕ್ಕಡಿಯ ಮುಳ್ಳು ಅಲ್ಲಾಡಲೂ ಇಲ್ಲ. ಬಣ್ಣದಮ್ಮ ತಕ್ಕಡಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಬಾಗಿಲ ಬಳಿ ಕುರ್ಚಿಯ ಪಕ್ಕದಲ್ಲಿ ಹೋಗಿ ನೆಲದ ಮೇಲೆ ಕೂತಳು.

"ಮಾವ, ಹಳೆ ನೀರಿನ ಕೆಲ್ಸ ಹೇಳಿಕೊಡಿ."

"ಎಂಜಲು ನೀರು ಅಂದಿದ್ಯಲ್ಲ?"

"ಅಂದಿದ್ದೆ. ತಪ್ಪಾಯ್ತು. ಇಷ್ಟು ವರ್ಷ ನೀವೂ ಒಂದು ಮಾತು ಹೇಳ್ಲಿಲ್ವಲ್ಲ?"

"ನೀನು ಕೇಳಿದ್ಯಾ?" ಅಂದರು ಮಾವ. ಆಮೇಲೆ ತಾವೇ ಮೆತ್ತಗಾದರು. "ಯಾಕೆ ಹಾಗೆ ಬರುತ್ತೆ ಅಂತ ನನಗೂ ಗೊತ್ತಿಲ್ಲಮ್ಮ. ನಮ್ಮಪ್ಪ ಹೇಳಿದ್ದು ಇಷ್ಟೇ. ಬಟ್ಟೆ ಎಲ್ಲಾ ಒಂದೇ ತೂಕ ಇರ್ಲಿ, ಕಾವು ಒಂದೇ ಇರ್ಲಿ, ಹೊತ್ತು ಒಂದೇ ಇರ್ಲಿ. ನಡುವೆ ಏನೇ ಆಗ್ಲಿ, ಹಂಡೆಗೆ ಒಂದು ಚಿಟಿಕೆ ಬಣ್ಣ ಹಾಕ್ಬೇಡ."

ಶನಿವಾರ ಶಾಲೆ ಬಿಟ್ಟ ಮೇಲೆ ಒಲೆ ಹಚ್ಚಿದರು. ಮೊದಲ ಪಟ್ಟಿಗೆ ಎಂಟು ಅಳತೆ ಬಣ್ಣ ಹತ್ತಬೇಕಾದರೆ ನೀರಿನಲ್ಲಿ ಹದಿನಾರು ಇರಬೇಕು. ಬಣ್ಣದಮ್ಮ ಅಷ್ಟನ್ನೂ ಒಂದೇ ಸಲ ತೂಗಿ ಸುರಿದಳು. ಬಟ್ಟೆ ಸರಿಯಾಗಿ ಅರ್ಧ ಕುಡಿದಿದೆ ಎಂದು ತಿಳಿಯುವುದು ಹೇಗೆ? ಅದಕ್ಕೆ ಮಗಳು ಉಪಾಯ ಮಾಡಿದಳು. ಹಂಡೆಯಿಂದ ಒಂದು ಗಾಜಿನ ಲೋಟದಲ್ಲಿ ಅರ್ಧದವರೆಗೆ ಬಣ್ಣದ ನೀರು ತೆಗೆದು, ಉಳಿದರ್ಧಕ್ಕೆ ಬರೀ ನೀರು ತುಂಬಿಸಿ ಕಿಟಕಿಯಲ್ಲಿಟ್ಟಳು. ಹಂಡೆಯ ನೀರು ಆ ಲೋಟದ ಬಣ್ಣಕ್ಕೆ ಇಳಿದಾಗ ಬಟ್ಟೆ ಅರ್ಧ ಕುಡಿದ ಹಾಗೆ. ತಾಯಿ ಪೊರಕೆ ಹಿಡಿಯಲ್ಲಿ ಕಲಕುತ್ತ, ಇನ್ನೊಂದು ಲೋಟದಲ್ಲಿ ಮೊಗೆದು ಮೊಗೆದು ಬೆಳಕಿಗೆ ಹಿಡಿದು ನೋಡುತ್ತ, "ಈಗ!" ಎನ್ನುತ್ತಿದ್ದ ಹಾಗೆ ಇಬ್ಬರೂ ಸೇರಿ ಪಟ್ಟಿ ಮೇಲೆತ್ತುತ್ತಿದ್ದರು. ಮತ್ತೆ ಹೊಸದಾಗಿ ಲೋಟ ತುಂಬಿಸುವುದು, ಮತ್ತೆ ಮುಂದಿನ ಪಟ್ಟಿ.

ಐದನೆಯದರಲ್ಲಿ ಜೀವ ಬಾಯಿಗೆ ಬಂತು. ಎಷ್ಟು ಕಲಕಿದರೂ ಹಂಡೆಯ ನೀರು ಲೋಟದ ಬಣ್ಣಕ್ಕೆ ಇಳಿಯಲೊಲ್ಲದು, ಬಟ್ಟೆಯೋ ಸುಣ್ಣದಂತೆ ಬೆಳ್ಳಗೆ ನಿಂತಿತ್ತು. ಬಣ್ಣದಮ್ಮನ ಕೈ ತನ್ನಷ್ಟಕ್ಕೆ ಡಬ್ಬಿಗೆ ಹೋಯಿತು. ಒಂದೇ ಒಂದು ಚಿಟಿಕೆ ಹಾಕಿದರೆ ಬಟ್ಟೆಗೆ ಬಣ್ಣ ಬಂದುಬಿಡುತ್ತಿತ್ತು, ಆಮೇಲಿನ ಮೂರೂ ಪಟ್ಟಿಗಳ ಲೆಕ್ಕ ಹಾಳಾಗುತ್ತಿತ್ತು.

"ಮುಚ್ಚಳದ ಸದ್ದು ಕೇಳಿಸ್ತು" ಅಂದರು ಮಾವ ಬಾಗಿಲಿಂದ. "ಡಬ್ಬಿ ಮುಚ್ಚು. ಒಲೆ ನೋಡು."

ಒಲೆ ಕುಗ್ಗಿತ್ತು. ಬೆಂಕಿ ನೋಡಿಕೊಳ್ಳಬೇಕಾದ ಟೀಚರಮ್ಮ ಲೋಟಗಳನ್ನು ಸಾಲಾಗಿ ಜೋಡಿಸಿಕೊಂಡು ಮೈಮರೆತು ನೋಡುತ್ತ ನಿಂತಿದ್ದಳು. ತಾಯಿಯಿಂದ ಸರಿಯಾಗಿ ಮಂಗಳಾರತಿ ಆಯಿತು. ಕಾವೇರಿದ ಮೇಲೆ ಬಟ್ಟೆ ತನ್ನ ಪಾಲನ್ನು ತಾನೇ ಕುಡಿಯಿತು. ಎಂಟನೆಯ ಪಟ್ಟಿ ಬರುವಷ್ಟರಲ್ಲಿ ನೀರಿನಲ್ಲಿ ಬಣ್ಣವಿದೆ ಎಂದರೆ ನಂಬುವಂತಿರಲಿಲ್ಲ.

ಮಗಳು ಕೂಡಿಸಿ ಹೇಳಿದಳು. ತಾಯಿಯ ಮೊದಲ ಲೆಕ್ಕದಲ್ಲಿ ಎಂಟರಿಂದ ಒಂದರವರೆಗೆ ಒಟ್ಟು ಮೂವತ್ತಾರು ಅಳತೆ ಬಣ್ಣ ಹೋಗಿತ್ತು. ಹಳೆ ನೀರಿಗೆ ಹದಿನಾರು ಸಾಕಾಯಿತು, ಅದೂ ಪೂರ್ತಿ ಮುಗಿದಿಲ್ಲ. "ಜಿಪುಣ ಅಂದಿದ್ದೂ ಸುಳ್ಳಲ್ಲ ಬಿಡಿ ಮಾವ" ಎಂದಳು ಬಣ್ಣದಮ್ಮ. ಮಾವ ಹಲ್ಲಿಲ್ಲದ ಬಾಯಿ ತುಂಬ ನಕ್ಕರು.

ರಂಗಮಂದಿರದಲ್ಲಿ ಎರಡನೇ ಸಲ ತೂಗುಹಾಕಿದಾಗ ಬಣ್ಣದಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ದೀಪ ಹತ್ತಿದ ಮೇಲೂ ತೆರೆಯಲಿಲ್ಲ. ಯಾರದೋ ಹೆಜ್ಜೆಯ ಸದ್ದು ಕೇಳಿ ತೆರೆದಳು. ಮ್ಯಾನೇಜರಮ್ಮ ಪರದೆಯ ಮುಂದೆ ಎಡದಿಂದ ಬಲಕ್ಕೆ ನಡೆಯುತ್ತಿದ್ದಳು, ಒಂದೊಂದು ಪಟ್ಟಿಗೂ ಒಂದೊಂದು ಹೆಜ್ಜೆ, ಬಲತುದಿಗೆ ಬಂದು ನಿಂತು, "ಬೆಳಗಾಯ್ತು ಕಣ್ರೀ" ಅಂದಳು. ಅಷ್ಟು ಸಾಕಿತ್ತು. ಬಣ್ಣದಮ್ಮನಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಇದು ನಾನು ಮಾಡಿದ್ದು, ಇದು ನಮ್ಮ ಮನೆಯ ಹಂಡೆಯಿಂದ ಬಂದದ್ದು ಎಂದು ಕೂಗಿ ಹೇಳಬೇಕೆನಿಸಿತು.

ಟೀಚರಮ್ಮ ತನ್ನ ತರಗತಿಯನ್ನೇ ಕರೆದುಕೊಂಡು ಬಂದಿದ್ದಳು. ಮಕ್ಕಳನ್ನು ಮೊದಲು ಎಡತುದಿಯಿಂದ ನಡೆಸಿ, "ಇದು ಕ್ಷಯ. ಪ್ರತಿ ಹೆಜ್ಜೆಗೂ ಅರ್ಧ" ಅಂದಳು. ಆಮೇಲೆ ಅದೇ ದಾರಿಯಲ್ಲಿ ಬಲತುದಿಯಿಂದ ವಾಪಸು ನಡೆಸಿ, "ಇದು ಬೆಳವಣಿಗೆ. ಪ್ರತಿ ಹೆಜ್ಜೆಗೂ ಎರಡರಷ್ಟು. ಗೆರೆ ಒಂದೇ, ನೀವು ಯಾವ ಕಡೆಯಿಂದ ಬಂದ್ರಿ ಅನ್ನೋದಷ್ಟೇ" ಅಂದಳು. "ಓ, ಇಷ್ಟೇನಾ?" ಅಂದಳು ಒಬ್ಬ ಹುಡುಗಿ. ಟೀಚರಮ್ಮನ ಮುಖ ಊರಗಲವಾಯಿತು.

ಮಾವ ಸೊಸೆಯ ತೋಳು ಹಿಡಿದುಕೊಂಡು ಪರದೆಯ ಉದ್ದಕ್ಕೂ ನಡೆದರು. ಮುಖವನ್ನು ಬಟ್ಟೆಗೆ ತಾಗಿಸುವಷ್ಟು ಹತ್ತಿರ ಹಿಡಿದಿದ್ದರು. "ಈ ಸಲ ಗೋಡೆ ಇಲ್ಲ, ತೂತೂ ಇಲ್ಲ" ಅಂದರು. ಕೊನೆಯ ಪಟ್ಟಿಗೆ ಬಂದಾಗ ಜೇಬಿನಿಂದ ತಮ್ಮ ಬಿಳಿ ಕರ್ಚೀಫು ತೆಗೆದು ಪಕ್ಕದಲ್ಲಿ ಹಿಡಿದರು. "ನನಗೆ ಕಾಣಲ್ಲ. ನೀನು ಹೇಳು. ಇದೂ ಅದೂ ಒಂದೇನಾ?"

ಬಣ್ಣದಮ್ಮ ನೋಡಿದಳು. ಎಲ್ಲರೂ ಬಿಳಿ ಅಂದುಕೊಂಡಿದ್ದ ಆ ಪಟ್ಟಿ, ಕರ್ಚೀಫಿನ ಪಕ್ಕದಲ್ಲಿ ಬೆಳಗಿನ ಆಕಾಶದಷ್ಟು ತೆಳ್ಳಗೆ ನೀಲಿಯಾಗಿತ್ತು.

"ಇಲ್ಲ ಮಾವ. ಇದರಲ್ಲಿ ಇನ್ನೂ ಇದೆ."

"ಇರುತ್ತೆ ತಾತ" ಎಂದಳು ಹಿಂದಿನಿಂದ ಮಗಳು. "ಎಷ್ಟು ಸಲ ಪಾಲು ಮಾಡಿದ್ರೂ ಪೂರ್ತಿ ಹೋಗೋದೇ ಇಲ್ಲ."

ಮಾವ ಕರ್ಚೀಫು ಮಡಿಸಿ ಜೇಬಿಗಿಟ್ಟುಕೊಂಡರು. "ನಮ್ಮಪ್ಪನ ಕೈ ಕೆಲ್ಸ ನನ್ನ ಹತ್ರ ಅರ್ಧ ಉಳೀತು, ನಿನ್ನ ಹತ್ರ ಕಾಲು ಉಳೀತು, ಆಮೇಲೆ ಸೊನ್ನೆ ಅಂದ್ಕೊಂಡಿದ್ದೆ ಕಣಮ್ಮ. ನಾನು ಒಂದೇ ಕಡೆಯಿಂದ ನೋಡಿದ್ದೆ." ಅಷ್ಟು ಹೇಳಿ ತಿರುಗಿದರು, ಬಲತುದಿಯಿಂದ ಎಡಕ್ಕೆ, ಬೆಳಕಿನಿಂದ ಕಡುನೀಲಿಯ ಕಡೆಗೆ, ಸೊಸೆಯನ್ನೂ ಮೊಮ್ಮಗಳನ್ನೂ ಎರಡು ಪಕ್ಕದಲ್ಲಿಟ್ಟುಕೊಂಡು ನಿಧಾನವಾಗಿ ವಾಪಸು ನಡೆದರು.

ಬಾಗಿಲಲ್ಲಿ ಡ್ರೈವರು ಮಗ ಕಾಯುತ್ತಿದ್ದ. ಮಾವ ಕೋಲನ್ನು ಒಮ್ಮೆ ತಡವಿ, ಸೊಸೆಯ ನೀಲಿ ಕೈಗಳಿಗೆ ಒಪ್ಪಿಸಿದರು. ಆಮೇಲೆ ಮಗನ ಹೆಗಲಿಗೆ ಕೈಹಾಕಿ ಹೇಳಿದರು:

"ನಾಳೆ ಪೇಟೆಗೆ ಹೋದಾಗ ನನಗೊಂದು ಊರುಗೋಲು ತಂದುಕೊಡೋ. ಇದು ಹಂಡೆ ಕೋಲು. ನಿನ್ನ ಹೆಂಡತಿಗೆ ಕೆಲ್ಸ ಇದೆ."